ಕ್ರಿಕೆಟ್ ಅಭಿಮಾನಿಗಳ ಗ್ರೂಪಿಗೆ ಅಡ್ಮಿನ್ ಆದವರು ಎಷ್ಟು ಬಿಗಿ ಇರಬೇಕು?

ಕಲಬುರಗಿಗೆ ಹೈದರಾಬಾದ್ ಹತ್ತಿರ, ಬೆಂಗಳೂರು ದೂರ. ಬೆಂಗಳೂರಿಗೆ ಹೋಗಬೇಕೆಂದರೆ ಹೆಚ್ಚಿನವರು ಒಂದು ರಾತ್ರಿ ರೈಲಿನಲ್ಲೇ ಕಳೆಯುತ್ತಾರೆ. ಹೈದರಾಬಾದಿಗೆ ಬೆಳಿಗ್ಗೆ ಹೋಗಿ, ದವಾಖಾನೆ ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ಮನೆಗೆ ಬರುವವರಿದ್ದಾರೆ. ಹೀಗಾಗಿ ಐಪಿಎಲ್ ಬಂತೆಂದರೆ ನಮ್ಮೂರಿನಲ್ಲಿ ಒಂದೇ ಮನೆಯಲ್ಲಿ ಎರಡು ಪಕ್ಷ. ಅಣ್ಣ ಬೆಂಗಳೂರಿನ ಆರ್‌ಸಿಬಿ, ತಮ್ಮ ಹೈದರಾಬಾದಿನ ಸನ್‌ರೈಸರ್ಸ್. ನಡುವೆ ಧೋನಿ ಸಲುವಾಗಿ ಚೆನ್ನೈ ಹಿಡಿದ ಮಾಮಾ ಒಬ್ಬರು. ಇಂಥ ಮಂದಿಯನ್ನೆಲ್ಲ ಒಂದೇ ವಾಟ್ಸಾಪ್ ಗ್ರೂಪಿನಲ್ಲಿ ಕೂಡಿಸಿದರೆ ಏನಾಗುತ್ತದೆ ಅಂತ ಕೆಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಅಂಥ ಒಂದು ಗ್ರೂಪಿಗೆ ನಾನು ಅಡ್ಮಿನ್.

ಹೊಸದಾಗಿ ಗ್ರೂಪ್ ಶುರು ಮಾಡಿದ ಹುಡುಗರು ಬಂದು ಕೇಳುವುದು ಒಂದೇ ಮಾತು. ಎಷ್ಟು ಬಿಗಿ ಇರಬೇಕು? ಬಿಗಿ ಹಿಡಿದರೆ ಯಾರೂ ಮಾತಾಡುವುದಿಲ್ಲ. ಬಿಟ್ಟರೆ ಜಗಳ ಬೀದಿಗೆ ಬರುತ್ತದೆ. ನಾನು ಹೇಳುವುದು ಇಷ್ಟೇ: ಆಟದ ಮೇಲಿನ ಮಾತನ್ನು ಪೂರ್ತಿ ಬಿಡಿ, ಆಳಿನ ಮೇಲಿನ ಮಾತನ್ನು ಅಲ್ಲೇ ತಡೆಯಿರಿ. ಹೇಳೋದು ಸುಲಭ. ರಾತ್ರಿ ಹನ್ನೊಂದೂವರೆಗೆ, ಸೋತ ಸಿಟ್ಟಿನಲ್ಲಿ ನೂರು ಮೆಸೇಜ್ ಒಮ್ಮೆಲೇ ಬರುತ್ತಿರುವಾಗ ಆಟ ಯಾವುದು, ಆಳು ಯಾವುದು ಅಂತ ಬೇರೆ ಮಾಡುವುದು ಕಷ್ಟ. ಅದಕ್ಕೆ ನಾವು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಒಂದು ಸಾಲು ಬರೆಯಿರಿ

ಮೊದಲ ಸದಸ್ಯನನ್ನು ಸೇರಿಸುವ ಮುಂಚೆಯೇ ಗ್ರೂಪ್ ಯಾತಕ್ಕೆ ಅಂತ ಒಂದು ಸಾಲು ಬರೆದು ಡಿಸ್ಕ್ರಿಪ್ಷನ್‌ನಲ್ಲಿ ಹಾಕಿ. ನಮ್ಮದು ಹೀಗಿದೆ: "ಕ್ರಿಕೆಟ್ ಮಾತು. ಯಾವ ತಂಡದವರಾದರೂ ಸರಿ." ನಿಮ್ಮದು ಬರೀ ಆರ್‌ಸಿಬಿ ಗ್ರೂಪ್ ಆಗಿದ್ದರೆ ಹಾಗಂತ ಬರೆಯಿರಿ. ಅದೂ ತಪ್ಪಲ್ಲ. ತಪ್ಪಾಗುವುದು ಎಲ್ಲರನ್ನೂ ಕರೆದು ಕೂಡಿಸಿ, ಆಮೇಲೆ ಒಂದು ತಂಡದವರಿಗೆ ಮಾತ್ರ ಜಾಗ ಕೊಟ್ಟಾಗ.

ನಿಯಮ ನಾಲ್ಕೇ ಸಾಕು

ಮೊದಲು ನಾನು ಹದಿನೇಳು ನಿಯಮ ಬರೆದಿದ್ದೆ. ಯಾರೂ ಓದಲಿಲ್ಲ. ಯಾವುದು ದೊಡ್ಡ ತಪ್ಪು, ಯಾವುದು ಸಣ್ಣದು ಅಂತ ಅಡ್ಮಿನ್‌ಗಳಿಗೇ ತಿಳಿಯುತ್ತಿರಲಿಲ್ಲ. ಈಗ ನಾಲ್ಕು ಉಳಿದಿವೆ.

ಆಟಗಾರನ ಆಟವನ್ನು ಎಷ್ಟು ಬೇಕಾದರೂ ಬೈಯಿರಿ. ಅವನ ಹೆಂಡತಿ ಮಕ್ಕಳು, ಜಾತಿ, ಧರ್ಮ, ಮೈಬಣ್ಣ ಬೇಡ. ಗ್ರೂಪಿನವರ ತಂಡದ ಹೆಸರು ಹಿಡಿದು ಕಾಲೆಳೆಯಿರಿ. ಅವರ ಮನೆ, ಕೆಲಸ, ಭಾಷೆ ಬೇಡ. ದುಡ್ಡು ಕಟ್ಟುವ ಮಾತು ಬೇಡವೇ ಬೇಡ. ಗ್ರೂಪಿನಲ್ಲಿ ಕಂಡ ನಂಬರಿಗೆ ಕೇಳದೆ ಮೆಸೇಜ್ ಮಾಡಬಾರದು.

ಮೊದಲ ಎರಡು ನಿಯಮಗಳ ಗಡಿ ಎಲ್ಲಿದೆ ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ. 2017ರ ಏಪ್ರಿಲ್ 23ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ 49ಕ್ಕೆ ಆಲೌಟ್ ಆಗಿತ್ತು. ನಮ್ಮ ಗ್ರೂಪಿನಲ್ಲಿ ಕಿರಾಣಿ ಅಂಗಡಿಯ ಅಣ್ಣ ಒಬ್ಬರಿದ್ದಾರೆ, ಪಕ್ಕಾ ಹೈದರಾಬಾದ್ ಪಕ್ಷ. ಆರ್‌ಸಿಬಿ ಗೆದ್ದ ದಿನವೂ ಅವರು ಬರೀ "49" ಅಂತ ಹಾಕಿ ಸುಮ್ಮನಾಗುತ್ತಾರೆ. 2016ರ ಫೈನಲ್ಲೂ ಅವರಿಗೆ ಬಾಯಿಪಾಠ: ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲೇ ಆರ್‌ಸಿಬಿ ವಿರುದ್ಧ ಹೈದರಾಬಾದ್ ಎಂಟು ರನ್ನಿನಿಂದ ಗೆದ್ದದ್ದು. ಆರ್‌ಸಿಬಿ ಹುಡುಗರು ಎಷ್ಟೋ ಸಲ ನನಗೆ ಫೋನ್ ಮಾಡಿ "ಅದನ್ನ ಡಿಲೀಟ್ ಮಾಡ್ರಿ ಅಣ್ಣಾ" ಅಂದರು. ನಾನು ಮಾಡಲಿಲ್ಲ. ಅದು ನಡೆದ ಆಟ. ಉರಿಯುತ್ತದೆ, ನಿಜ. ಉತ್ತರ ಬೇಕಿದ್ದರೆ ಇವರೂ ಒಂದು ಸ್ಕೋರ್ ಹುಡುಕಿ ಹಾಕಲಿ.

ಅದೇ ಅಣ್ಣನಿಗೆ ಒಬ್ಬ ಹುಡುಗ ಒಂದು ರಾತ್ರಿ ಹೀಗೆ ಬರೆದ: "ಹೈದರಾಬಾದ್ ಹಿಡದಾಂವ ನೀ ಕನ್ನಡಿಗ ಹೌದೇನು?" ಆ ಅಂಗಡಿಯವರ ಮನೆಮಾತು ತೆಲುಗು. ಮೂರು ತಲೆಮಾರಿನಿಂದ ಇದೇ ಊರಿನಲ್ಲಿದ್ದಾರೆ, ಇದೇ ಜನರಿಗೆ ತೊಗರಿಬೇಳೆ ತೂಗಿ ಕೊಡುತ್ತಿದ್ದಾರೆ. ಆ ಪ್ರಶ್ನೆಗೆ ಅವರು ಯಾವ ಸ್ಕೋರ್ ತೋರಿಸಬೇಕು? ಅವತ್ತಿನಿಂದ ನಮ್ಮ ಅಳತೆ ಇದೇ: ಸ್ಕೋರ್‌ಕಾರ್ಡ್ ತೋರಿಸಿ ಉತ್ತರ ಕೊಡಬಹುದಾದ ಮಾತು ಇರಲಿ. ಸ್ಕೋರ್‌ಕಾರ್ಡ್‌ನಲ್ಲಿ ಉತ್ತರ ಸಿಗದ ಮಾತು ಹೋಗಲಿ. ಹತ್ತರಲ್ಲಿ ಒಂಬತ್ತು ಸಲ ಈ ಅಳತೆ ಸರಿಯಾಗಿ ಕೂರುತ್ತದೆ.

ಅಡ್ಮಿನ್ ಒಬ್ಬರೇ ಇರಬಾರದು

ಮೂವರನ್ನು ಮಾಡಿ. ಮೂವರೂ ಬೇರೆ ಬೇರೆ ತಂಡದವರಿರಲಿ. ಒಬ್ಬರಾದರೂ ಉರ್ದು ಬಲ್ಲವರಿರಲಿ. ನಮ್ಮಲ್ಲಿ ಒಂದೇ ವಾಯ್ಸ್ ಮೆಸೇಜಿನಲ್ಲಿ ಕನ್ನಡ, ದಖನಿ (ನಮ್ಮ ಕಡೆಯ ಉರ್ದು), ತೆಲುಗು ಮೂರೂ ಬರುತ್ತವೆ. ದಖನಿಯಲ್ಲಿ ಗೆಳೆಯರು ಪ್ರೀತಿಯಿಂದ ಆಡುವ ಮಾತು ತಿಳಿಯದವರ ಕಿವಿಗೆ ಬೈಗುಳದ ಹಾಗೆ ಕೇಳಿಸುತ್ತದೆ. ಅರ್ಥವಾಗದ ಭಾಷೆಯ ಮಾತಿಗೆ ಶಿಕ್ಷೆ ಕೊಡಲು ಹೋಗಬೇಡಿ. ಬಲ್ಲವರನ್ನು ಕೇಳಿ, ಆಮೇಲೆ ತೀರ್ಮಾನ ಮಾಡಿ.

ಇನ್ನೊಂದು ಕಟ್ಟುಪಾಡನ್ನು ನಾವು ತಪ್ಪದೆ ಪಾಲಿಸುತ್ತೇವೆ. ಅವತ್ತು ಯಾರ ತಂಡ ಸೋತಿದೆಯೋ ಆ ಅಡ್ಮಿನ್ ಅವತ್ತು ರಾತ್ರಿ ಯಾರನ್ನೂ ತೆಗೆಯುವಂತಿಲ್ಲ. ಮೆಸೇಜ್ ಅಳಿಸಬಹುದು, ಆಳನ್ನು ತೆಗೆಯುವುದು ಬೆಳಿಗ್ಗೆ. ಸೋತವನ ಕೈಯಲ್ಲಿ ಸೀಟಿ ಕೊಟ್ಟರೆ ಎದುರಿನವರಿಗೆ ಎಲ್ಲವೂ ಪಕ್ಷಪಾತವಾಗಿಯೇ ಕಾಣುತ್ತದೆ. ಕೆಲವು ಸಲ ಅದು ಪಕ್ಷಪಾತವೇ ಆಗಿರುತ್ತದೆ.

ಮ್ಯಾಚ್ ರಾತ್ರಿ ಏನು ಮಾಡಬೇಕು

ನಾನು ತಪ್ಪು ಮಾಡಿದ್ದು ಇಲ್ಲಿಯೇ. 2024ರ ಏಪ್ರಿಲ್ 15. ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 3 ವಿಕೆಟ್‌ಗೆ 287 ಹೊಡೆಯಿತು. 22 ಸಿಕ್ಸರ್. ಗ್ರೂಪ್ ಹೊತ್ತಿ ಉರಿಯಿತು. ಮೇಲೆ ಹೇಳಿದ ಆ "ಕನ್ನಡಿಗ ಹೌದೇನು" ಬಂದದ್ದು ಆ ರಾತ್ರಿಯೇ. ಅದಕ್ಕೆ ನಾಲ್ಕು ಜನ ಹೌದು ಹೌದು ಅಂದರು, ಆರು ಜನ ತಿರುಗಿ ಬಿದ್ದರು. ನನಗೆ ಕೈಕಾಲು ಆಡಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿ, ಫೋನ್ ಮಗುಚಿಟ್ಟು ಮಲಗಿದೆ.

ಬೆಳಿಗ್ಗೆ ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ಹುಡುಗ ಸಿಕ್ಕ. ಆರ್‌ಸಿಬಿಯವನೇ. ಮುಖ ಸಣ್ಣದು ಮಾಡಿಕೊಂಡಿದ್ದ. "ಅಣ್ಣಾ, ಕಾರ್ತಿಕ್ ಆಡ್ಲಿಕತ್ತಾಗೇ ಬಂದ್ ಮಾಡಿದ್ರಿ" ಅಂದ. ನಿಜವಾಗಿಯೂ ಅವತ್ತು ಆರ್‌ಸಿಬಿ ಸುಮ್ಮನೆ ಸೋಲಲಿಲ್ಲ. 7 ವಿಕೆಟ್‌ಗೆ 262 ಹೊಡೆಯಿತು. ದಿನೇಶ್ ಕಾರ್ತಿಕ್ 35 ಎಸೆತಕ್ಕೆ 83. ಎರಡೂ ಕಡೆ ಸೇರಿ 549 ರನ್ ಬಂದ ರಾತ್ರಿ ಅದು. ಅಭಿಮಾನಿಗೆ ಮಾತಾಡಲು ಅದಕ್ಕಿಂತ ಚೆಂದದ ರಾತ್ರಿ ಸಿಗುವುದಿಲ್ಲ. ಒಬ್ಬನ ಒಂದು ಸಾಲಿಗೆ ನಾನು ಎಲ್ಲರ ಬಾಯಿ ಮುಚ್ಚಿಸಿದ್ದೆ.

ಈಗ ಅಂಥದ್ದು ಬಂದರೆ ಹೀಗೆ ಮಾಡುತ್ತೇವೆ. ಆ ಒಂದು ಮೆಸೇಜನ್ನು ಒತ್ತಿ ಹಿಡಿದು ಎಲ್ಲರಿಗೂ ಕಾಣದ ಹಾಗೆ ಅಳಿಸುತ್ತೇವೆ. ಅಳಿಸಿದ ಅಡ್ಮಿನ್ ಯಾರು ಅಂತ ಅಲ್ಲೇ ಎಲ್ಲರಿಗೂ ಕಾಣುತ್ತದೆ. ಅದು ಒಳ್ಳೆಯದೇ, ಕದ್ದು ಮಾಡಿದ ಹಾಗೆ ಆಗುವುದಿಲ್ಲ. ಕೂಡಲೇ ಒಂದು ಸಾಲು: "ಆ ಮಾತು ತೆಗೆದಿದ್ದೇನೆ. ಮ್ಯಾಚ್ ಬಗ್ಗೆ ಮುಂದುವರಿಸಿ." ಉಪದೇಶ ಇಲ್ಲ, ಹೆಸರು ಹಿಡಿದು ಬೈಯುವುದು ಇಲ್ಲ. ಬರೆದವರಿಗೆ ಬೇರೆ ಮೆಸೇಜ್: "ನಾಳೆ ಫೋನ್ ಮಾಡ್ತೀನಿ." ಅಷ್ಟೇ. ಗ್ರೂಪ್ ತೆರೆದೇ ಇರುತ್ತದೆ. ಎರಡು ಓವರ್ ಆಗುವಷ್ಟರಲ್ಲಿ ಮಾತು ಮತ್ತೆ ಆಟಕ್ಕೆ ಬಂದಿರುತ್ತದೆ.

ತೆಗೆಯುವ ಮುಂಚೆ ಫೋನ್ ಮಾಡಿ

ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರನ್ನು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿರಿಸಲು ದಾರಿಯಿಲ್ಲ. ಇರಿಸಿಕೊಳ್ಳಬೇಕು, ಇಲ್ಲವೇ ತೆಗೆಯಬೇಕು. ಅದಕ್ಕೆ ನಾವು ಮಾಡಿಕೊಂಡದ್ದು ಇದು: ಮೊದಲ ಸಲ ಫೋನ್, ಎರಡನೇ ಸಲ ಮೂರು ಮ್ಯಾಚ್ ಹೊರಗೆ, ಮೂರನೇ ಸಲ ಆ ಸೀಸನ್ ಪೂರ್ತಿ ಹೊರಗೆ. ದಿನ ಲೆಕ್ಕ ಮುಂಚೆಯೇ ಹೇಳಿಬಿಡುತ್ತೇವೆ. ಹೇಳಿದ ದಿನ ತಪ್ಪದೆ ವಾಪಸ್ ಸೇರಿಸುತ್ತೇವೆ. ನೆನಪಿಗಾಗಿ ನಾನು ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳುತ್ತೇನೆ.

ಹೇಳದೆ ಕೇಳದೆ ತೆಗೆಯುವುದು ಎಷ್ಟು ನೋವು ಕೊಡುತ್ತದೆ ಅಂತ ನನಗೆ ಕಲಿಸಿದವರು ನಮ್ಮ ಮಾಸ್ತರ್ ಕಾಕಾ. ರಿಟೈರ್ ಆದ ಹೈಸ್ಕೂಲ್ ಮಾಸ್ತರು. ದಿನಾ ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಒಂದಲ್ಲ, ನಾಲ್ಕೈದು. ಹುಡುಗರು ಗೊಣಗಿದರು. ನಾನು ಒಂದು ದಿನ ತೆಗೆದೇ ಬಿಟ್ಟೆ. ಅವರಿಗೆ ತಿಳಿಯುವುದೂ ಇಲ್ಲ ಅಂದುಕೊಂಡಿದ್ದೆ.

ವಾರದ ನಂತರ ಶರಣಬಸವೇಶ್ವರ ಕೆರೆಯ ಹತ್ತಿರ ವಾಕಿಂಗ್‌ನಲ್ಲಿ ಎದುರಾದರು. ಸಿಟ್ಟಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ನಿಂತರು. "ತಮ್ಮಾ, ನನಗ ಗ್ರೂಪಿನಾಗಿಂದ ತೆಗ್ದೀಯಂತಲ್ಲ. ಏನ್ ತಪ್ಪಾಗ್ಯಾದ ಹೇಳು, ತಿದ್ಕೊತೀನಿ" ಅಂದರು. ಬದುಕಿಡೀ ಮಕ್ಕಳ ಜೊತೆ ಬಾಳಿದ ಮನುಷ್ಯ ಹಾಗೆ ಕೇಳಿದಾಗ ನನಗೆ ತಲೆ ಎತ್ತಲು ಆಗಲಿಲ್ಲ.

ಅವರು ಯಾರಿಗೂ ನೋವು ಮಾಡಿರಲಿಲ್ಲ. ಕಿರಿಕಿರಿ ಮಾಡಿದ್ದರು, ಅಷ್ಟೇ. ಕಿರಿಕಿರಿ ಬೇರೆ, ನೋವು ಬೇರೆ. ಕಿರಿಕಿರಿಗೆ ಒಂದು ಮಾತು ಸಾಕು. ಅವತ್ತೇ ವಾಪಸ್ ಸೇರಿಸಿ, "ಕಾಕಾ, ಗುಡ್ ಮಾರ್ನಿಂಗ್ ಬದಲು ನೀವು ರೇಡಿಯೋದಲ್ಲಿ ಕೇಳಿದ ಹಳೇ ಮ್ಯಾಚ್ ಹೇಳ್ರಿ" ಅಂದೆ. ಮುಂದಿನ ಭಾನುವಾರ ಒಂದು ವಾಯ್ಸ್ ಮೆಸೇಜ್ ಬಂತು. 1971, ಓವಲ್, ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದದ್ದು. ಪೋಲಿಯೋದಿಂದ ಸೊರಗಿದ ಕೈಯನ್ನೇ ಅಸ್ತ್ರ ಮಾಡಿಕೊಂಡ ನಮ್ಮ ಕರ್ನಾಟಕದ ಬೌಲರ್ ಬಗ್ಗೆ ಕಾಕಾ ಹೇಳುತ್ತಾ ಹೇಳುತ್ತಾ ಗಂಟಲು ತುಂಬಿ ನಿಲ್ಲಿಸಿದರು. ಇಪ್ಪತ್ತರ ಹುಡುಗರು ಅದನ್ನು ಎರಡೆರಡು ಸಲ ಕೇಳಿದರು. ಮುಂದಿನ ವಾರ 1983ರ ವಿಶ್ವಕಪ್, ರೋಜರ್ ಬಿನ್ನಿಯ 18 ವಿಕೆಟ್. ಈಗ ಭಾನುವಾರ ಬೆಳಿಗ್ಗೆ ಗ್ರೂಪ್ ಕಾಕಾನ ದಾರಿ ಕಾಯುತ್ತದೆ.

ಸುಮ್ಮನೆ ಹೊರಟು ಹೋದವರನ್ನು ನೋಡಿ

ಅಡ್ಮಿನ್‌ಗಳು ಜಗಳ ಆಡುವವರನ್ನು ಮಾತ್ರ ನೋಡುತ್ತಾರೆ. ನೀವು ಜಾಸ್ತಿ ಸಡಿಲ ಬಿಟ್ಟಿದ್ದೀರೋ ಇಲ್ಲವೋ ಅಂತ ತಿಳಿಯುವುದು ಜಗಳ ಆಡದೆ ಹೊರಗೆ ಹೋದವರಿಂದ. ಈಗ ಗ್ರೂಪ್ ಬಿಟ್ಟರೆ ಎಲ್ಲರಿಗೂ ಗೊತ್ತಾಗುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ. ಆ ಸೂಚನೆಯನ್ನು ಹಾಗೇ ದಾಟಿಸಿಬಿಡಬೇಡಿ.

2024ರ ಮಾರ್ಚ್ 17ರಂದು ಮಹಿಳೆಯರ ಪ್ರೀಮಿಯರ್ ಲೀಗ್‌ನಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಡೆಲ್ಲಿಯನ್ನು ಸೋಲಿಸಿ ಕಪ್ ತಂದರು. ಶ್ರೇಯಾಂಕಾ ಪಾಟೀಲ್ ಆ ಟೂರ್ನಿಯಲ್ಲಿ 13 ವಿಕೆಟ್ ತೆಗೆದು ಎಲ್ಲರಿಗಿಂತ ಮುಂದಿದ್ದರು. ಆ ಖುಷಿಯಲ್ಲಿ ನಮ್ಮ ಗ್ರೂಪಿಗೆ ಕೆಲವು ಅಕ್ಕ ತಂಗಿಯರು ಸೇರಿದರು. ಒಳ್ಳೆ ಮಾತು ನಡೆಯುತ್ತಿತ್ತು. ತಿಂಗಳೊಳಗೆ ಇಬ್ಬರು ಹೇಳದೆ ಹೋದರು. ಒಬ್ಬರ ಅಣ್ಣ ನನಗೆ ಪರಿಚಯ, ಅವರ ಮೂಲಕ ಕೇಳಿದೆ. ಗ್ರೂಪಿನಲ್ಲಿ ಯಾರೂ ಏನೂ ಅಂದಿರಲಿಲ್ಲ. ಆದರೆ ಗ್ರೂಪಿನಿಂದ ನಂಬರ್ ತೆಗೆದುಕೊಂಡು ಇಬ್ಬರು ಹುಡುಗರು ರಾತ್ರಿ "ಹಾಯ್, ಊಟ ಆಯ್ತಾ" ಅಂತ ಶುರು ಮಾಡಿದ್ದರು.

ನಾಲ್ಕನೇ ನಿಯಮ ಹುಟ್ಟಿದ್ದು ಹೀಗೆ. ಗ್ರೂಪಿನಲ್ಲಿ ಇರುವವರ ನಂಬರ್ ಎಲ್ಲರಿಗೂ ಕಾಣುತ್ತದೆ ಅಲ್ವಾ? ನಮ್ಮನ್ನು ನಂಬಿ ಒಳಗೆ ಬಂದವರು ಅವರು. ಇದೊಂದಕ್ಕೆ ನಮ್ಮಲ್ಲಿ ಮೊದಲ ಸಲ, ಎರಡನೇ ಸಲ ಅನ್ನುವುದಿಲ್ಲ. ವಿಷಯ ಖಾತ್ರಿಯಾದರೆ ಅವತ್ತೇ ಹೊರಗೆ, ವಾಪಸ್ ಇಲ್ಲ. ಆ ಇಬ್ಬರನ್ನು ತೆಗೆದೆವು. ಒಬ್ಬ ನನ್ನ ಸಂಬಂಧಿಕನೇ. ಹೆಣ್ಣುಮಕ್ಕಳು ಬಂದು ಹೇಳಿಕೊಳ್ಳಲು ಒಬ್ಬ ಅಕ್ಕನನ್ನೂ ಅಡ್ಮಿನ್ ಮಾಡಿ. ನಾವು ತಡವಾಗಿ ಮಾಡಿದೆವು. ಹೋದ ಇಬ್ಬರು ತಿರುಗಿ ಬರಲಿಲ್ಲ.

ಪೂರ್ತಿ ಮುಚ್ಚಬೇಕಾದ ಹೊತ್ತೂ ಇದೆ

2025ರ ಜೂನ್ 3. ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರು ರನ್ನಿನಿಂದ ಗೆದ್ದು ಆರ್‌ಸಿಬಿ ಹದಿನೆಂಟನೇ ಸೀಸನ್ನಿನಲ್ಲಿ ತನ್ನ ಮೊದಲ ಐಪಿಎಲ್ ಕಪ್ ಎತ್ತಿತು. ಆ ರಾತ್ರಿ ಗ್ರೂಪಿನಲ್ಲಿ ಏನು ಬಂತು ಅಂತ ನಾನು ಓದಲೂ ಹೋಗಲಿಲ್ಲ. ನಾನೂ ಅಳುತ್ತಿದ್ದೆ. ಕಿರಾಣಿ ಅಂಗಡಿ ಅಣ್ಣ ಮೊದಲ ಸಲ "49" ಹಾಕಲಿಲ್ಲ. "ಮುಬಾರಕ್" ಅಂತ ಹಾಕಿದರು.

ಮರುದಿನ ಸಂಜೆ ಚಿನ್ನಸ್ವಾಮಿ ಹತ್ತಿರದ ಕಾಲ್ತುಳಿತದ ಸುದ್ದಿ ಬಂತು. ಹನ್ನೊಂದು ಜನ ತೀರಿಕೊಂಡರು. ನಮ್ಮ ಗ್ರೂಪಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ಓದುತ್ತಿದ್ದಾರೆ, ಕೆಲಸ ಮಾಡುತ್ತಿದ್ದಾರೆ. ಫಾರ್ವರ್ಡ್ ಮೇಲೆ ಫಾರ್ವರ್ಡ್. ನೆಲದ ಮೇಲೆ ಬಿದ್ದವರ ಫೋಟೋ. ಮನಸ್ಸಿಗೆ ಬಂದ ಸಂಖ್ಯೆ. ಒಬ್ಬ ತಾಯಿ ಗ್ರೂಪಿನಲ್ಲೇ ಕೇಳಿದರು: "ನಮ್ಮ ಹುಡುಗ ಫೋನ್ ಎತ್ತವಲ್ಲ, ಯಾರಾದರೂ ನೋಡೀರೇನ್ರಿ?" ಅದರ ಕೆಳಗೇ ಮತ್ತೊಂದು ಅಂಥದೇ ಫೋಟೋ ಬಂದು ಬಿತ್ತು.

ಅವತ್ತು ಮುಚ್ಚಿದೆ, ಮುಚ್ಚಿದ್ದು ಸರಿ ಅಂತಲೇ ಇವತ್ತಿಗೂ ಅನ್ನುತ್ತೇನೆ. ಆದರೆ 2024ರ ಹಾಗೆ ಮುಚ್ಚಿ ಮಲಗಲಿಲ್ಲ. ಮೊದಲು ಫೋಟೋಗಳನ್ನೆಲ್ಲ ಅಳಿಸಿದೆವು. ಆಮೇಲೆ ಬರೆದೆವು: "ರಾತ್ರಿ ಹತ್ತರವರೆಗೆ ಅಡ್ಮಿನ್ ಮಾತ್ರ ಬರೆಯುತ್ತಾರೆ. ಖಾತ್ರಿಯಾದ ಸುದ್ದಿ ಮಾತ್ರ ಹಾಕುತ್ತೇವೆ. ಮಕ್ಕಳ ಫೋನ್ ಸಿಗದವರು ನಮಗೆ ಫೋನ್ ಮಾಡಿ." ಮೂವರೂ ಕೂತು ಬೆಂಗಳೂರಿನಲ್ಲಿರುವ ನಮ್ಮ ಹುಡುಗರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದೆವು. ಆ ತಾಯಿಯ ಮಗ ಒಂಬತ್ತಕ್ಕೆ ಸಿಕ್ಕ. ಚಾರ್ಜ್ ಹೋಗಿತ್ತು, ಅಷ್ಟೇ. ಹತ್ತಕ್ಕೆ ಗ್ರೂಪ್ ತೆರೆದೆವು.

ಮುಚ್ಚುವುದಾದರೆ ಯಾಕೆ ಅಂತ ಹೇಳಿ, ಎಷ್ಟು ಹೊತ್ತಿನವರೆಗೆ ಅಂತ ಹೇಳಿ, ಹೇಳಿದ ಹೊತ್ತಿಗೆ ತೆರೆಯಿರಿ. ಮುಚ್ಚಿದಷ್ಟು ಹೊತ್ತು ನೀವು ಕೆಲಸ ಮಾಡಬೇಕು.

ಉಳಿದ ದಿನಗಳಲ್ಲಿ ಫಾರ್ವರ್ಡ್ ಬಗ್ಗೆ ಒಂದೇ ಎಚ್ಚರ ಸಾಕು. ಮೆಸೇಜ್ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದಕ್ಕಿಂತ ಕಡಿಮೆಯಿಲ್ಲದಷ್ಟು ಸಲ ಕೈ ದಾಟಿ ಬಂದದ್ದು. ಆಟಗಾರ ಸತ್ತ, ಮತಾಂತರ ಆದ, ದೇಶ ಬಿಟ್ಟ, ಇಂಥವೆಲ್ಲ ಈ ಎರಡು ಬಾಣದ ಜೊತೆಗೇ ಬರುವುದು. "ಎಲ್ಲಿಂದ ಬಂತು?" ಅಂತ ಕೇಳಿ. ಹತ್ತು ನಿಮಿಷದಲ್ಲಿ ಉತ್ತರ ಇಲ್ಲದಿದ್ದರೆ ಅಳಿಸಿ.

ದುಡ್ಡು ಮತ್ತು ಕಾನೂನು

ದುಡ್ಡಿನ ವಿಷಯದಲ್ಲಿ ಮಾತು ಉದ್ದ ಬೆಳೆಸಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದೆ. ಅದರಲ್ಲಿ ಅಂಥ ಆಟದ ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. "ಈ ಲಿಂಕ್‌ನಿಂದ ಸೇರಿದರೆ ಬೋನಸ್" ಅಂತ ಬಂದದ್ದನ್ನು ನೋಡಿದ ಕೂಡಲೇ ಅಳಿಸಿ. ಸಾಲ ಮಾಡಿ ಬೆಟ್ಟಿಂಗ್ ಆಡಿ ಊರು ಬಿಟ್ಟ ಹುಡುಗರು ನನಗೆ ಗೊತ್ತು.

ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕಾ ಅಂತ ಹೆದರುವವರಿಗೆ: ಬರೀ ಅಡ್ಮಿನ್ ಆಗಿದ್ದಾರೆ ಅನ್ನುವ ಕಾರಣಕ್ಕೆ ಬೇರೆಯವರ ಮೆಸೇಜಿಗೆ ಅವರನ್ನು ಹೊಣೆ ಮಾಡಲಾಗದು ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಅದರಲ್ಲಿ ಕೈ ಜೋಡಿಸಿದ್ದರೆ ಮಾತು ಬೇರೆ. ಹಾಗಾಗಿ ಹೆದರಿ ಬಿಗಿ ಹಿಡಿಯಬೇಡಿ.

ಸೀಸನ್ ಮುಗಿದ ಮೇಲೆ

ಹೊರಗಿರುವವರ ಹೆಸರು ಒಂದು ಹಾಳೆಯಲ್ಲಿ ಬರೆದುಕೊಂಡು ಅಡ್ಮಿನ್‌ಗಳೆಲ್ಲ ಒಂದು ಸಂಜೆ ಕೂಡಿರಿ. ನಾವು ಮಿರ್ಚಿ ಭಜಿ, ಸುಸ್ಲಾ ತರಿಸಿಕೊಂಡು ಕೂರುತ್ತೇವೆ. ಯಾರನ್ನು ವಾಪಸ್ ಕರೆಯಬೇಕು, ನಾವು ಎಲ್ಲಿ ಜಾಸ್ತಿ ಮಾಡಿದೆವು ಅಂತ ನೋಡುತ್ತೇವೆ. ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ.

ಇದಕ್ಕೆ ಒಳ್ಳೆಯ ಹೊತ್ತು ಕರ್ನಾಟಕದ ಊರುಗಳ ಹೆಸರಿನ ತಂಡಗಳು ಆಡುವ ಮಹಾರಾಜ ಟ್ರೋಫಿ ಶುರುವಾಗುವ ಮುಂಚೆ. ಆಗ ಎಲ್ಲರೂ ಒಂದೇ ಕಡೆ ಇರುತ್ತಾರೆ. 2022ರಲ್ಲಿ ಆ ಟ್ರೋಫಿಯ ಮೊದಲ ಕಪ್ಪನ್ನೇ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು. ಮ್ಯಾಚ್‌ಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಆದರೂ ಜರ್ಸಿ ಮೇಲೆ ನಮ್ಮೂರಿನ ಹೆಸರಿತ್ತು.

"ಕನ್ನಡಿಗ ಹೌದೇನು" ಅಂದ ಹುಡುಗನಿಗೆ 2024ರ ಆಗಸ್ಟ್‌ನಲ್ಲಿ ಹೀಗೇ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮೊದಲ ಅಂಗಡಿ ಅಣ್ಣಾಗ ಭೆಟ್ಟಿ ಆಗಿ ಬರ್ತೀನ್ರಿ, ಆಮ್ಯಾಲ ಸೇರಸ್ರಿ" ಅಂದ. ಮರುದಿನ ಸಂಜೆ ಆ ಅಂಗಡಿಯಿಂದಲೇ ಒಂದು ಫೋಟೋ ಕಳಿಸಿದ. ತಕ್ಕಡಿ ಪಕ್ಕದಲ್ಲಿ ಫೋನ್ ಒರಗಿಸಿಟ್ಟು, ಇಬ್ಬರೂ ಮ್ಯಾಚ್ ನೋಡುತ್ತಾ ಕೂತಿದ್ದರು.